ಬಹಳ ವರ್ಷದ ಮೇಲೆ ಮತ್ತೆ ಬೈಕ್ ಹತ್ತುವ ರೈತರು ಯಾವ ಗಾಡಿ ತಗೋಬೇಕು?



ಮಗ ಊರಲ್ಲಿದ್ದಷ್ಟು ದಿನ ಡೈರಿಗೆ ಹಾಲು, ಪೇಟೆಯಿಂದ ಗೊಬ್ಬರ, ತೋಟಕ್ಕೆ ಬುತ್ತಿ ಎಲ್ಲಾ ಅವನ ಬೈಕಿನಲ್ಲೇ ನಡೆಯುತ್ತೆ. ಅವನು ಕೆಲಸಕ್ಕೆಂದು ಬೆಂಗಳೂರು ಸೇರಿದ ಮೇಲೆ ಐವತ್ತು ದಾಟಿದ ಅಪ್ಪ ಮತ್ತೆ ಹ್ಯಾಂಡಲ್ ಹಿಡಿಯಬೇಕಾಗುತ್ತೆ. ನಮ್ಮ ಭಾವನವರಿಗೂ ಹಾಗೇ ಆಯ್ತು. ಹನ್ನೆರಡು ವರ್ಷ ಬೈಕ್ ಮುಟ್ಟಿರಲಿಲ್ಲ. "ಸಣ್ಣ ಗಾಡಿ ಸಾಕು ಭಾವ" ಅಂದೆ. "ನಾನು ಯೆಜ್ಡಿ ಓಡಿಸ್ದೋನು ಕಣಯ್ಯ, ನಂಗೇನ್ ಹೇಳ್ಕೊಡ್ತೀಯ" ಅಂದು 350 ಸಿಸಿ ಗಾಡಿ ತಂದೇಬಿಟ್ಟರು.

ಓಡಿಸುವುದೇನೋ ಚೆನ್ನಾಗೇ ಓಡಿಸಿದರು. ಎಂಟನೇ ದಿನ ಕೆರೆ ಏರಿ ಮೇಲೆ ಎಮ್ಮೆ ಅಡ್ಡ ಬಂತು ಅಂತ ನಿಲ್ಲಿಸಿ ಎಡಗಾಲು ಊರಿದರು. ಅಲ್ಲಿ ನೆಲ ಅರ್ಧ ಅಡಿ ತಗ್ಗಿತ್ತು. ಗಾಡಿ ವಾಲಿತು, ಹಿಡಿಯಲಾಗಲಿಲ್ಲ, ಕಾಲಿನ ಮೇಲೇ ಬಿತ್ತು. ಒಂದೂವರೆ ತಿಂಗಳು ಕೋಲು ಹಿಡಿದು ಓಡಾಡಿದರು. ಅಷ್ಟೂ ದಿನ ಹಾಲು ಹೊತ್ತವಳು ನಮ್ಮಕ್ಕ.

ಇದರಲ್ಲಿ ಗಾಡಿಯದ್ದು ತಪ್ಪಿಲ್ಲ. ಓಡುವ ಬೈಕಿನ ತೂಕ ನಮಗೆ ತಿಳಿಯುವುದಿಲ್ಲ, ನಿಂತಾಗ, ತಿರುಗಿಸುವಾಗ, ಹಿಂದಕ್ಕೆ ತಳ್ಳುವಾಗಲೇ ತಿಳಿಯುವುದು. ನಮ್ಮ ಕಡೆಯ ಬುಲೆಟ್ 350 ಸುಮಾರು 195 ಕೆಜಿ. ಸ್ಪ್ಲೆಂಡರ್ ಪ್ಲಸ್ 112 ಕೆಜಿ ಆಸುಪಾಸು. ಟಿವಿಎಸ್ ಎಕ್ಸ್‌ಎಲ್ 100 ತೊಂಬತ್ತು ಕೆಜಿಯೂ ಇಲ್ಲ. ವಾಲಿದ ಗಾಡಿಯನ್ನು ಮಂಡಿ, ಸೊಂಟ ತಡೆಯಬೇಕು. ಗೇರು, ಕ್ಲಚ್ಚು ಕೈಕಾಲಿಗೆ ಮರೆತಿರಲ್ಲ ನಿಜ, ಆದರೆ ಮಂಡಿ ಇಪ್ಪತ್ತೈದರ ವಯಸ್ಸಿನದ್ದಲ್ಲವಲ್ಲ!

ಹಾಗಾಗಿ ಶೋರೂಮಿಗೆ ಹೋದರೆ ಮೈಲೇಜ್ ಕೇಳುವ ಮುಂಚೆ ಸೀಟಿನ ಮೇಲೆ ಕೂತು ನೋಡಿ. ದಿನಾ ಹಾಕುವ ಚಪ್ಪಲಿಯಲ್ಲೇ ಹೋಗಿ, ಶೂ ಹಾಕ್ಕೊಂಡು ಹೋಗಬೇಡಿ. ಎರಡೂ ಪಾದದ ಮುಂಭಾಗ ಪೂರ್ತಿ ನೆಲಕ್ಕೆ ತಾಗಬೇಕು, ಒಂದು ಕಾಲಾದರೂ ಹಿಮ್ಮಡಿವರೆಗೆ ಊರಬೇಕು. ಕೂತಲ್ಲಿಂದಲೇ ನಾಲ್ಕು ಹೆಜ್ಜೆ ಹಿಂದಕ್ಕೆ ತಳ್ಳಿ. ಆಮೇಲೆ ಇಳಿದು, ಹುಡುಗರ ಸಹಾಯ ಇಲ್ಲದೆ ಡಬಲ್ ಸ್ಟ್ಯಾಂಡ್ ಹಾಕಿ. ಇಷ್ಟರಲ್ಲಿ ಏದುಸಿರು ಬಂದರೆ ಆ ಗಾಡಿ ಬಿಟ್ಟುಬಿಡಿ. ಶೋರೂಮಿನ ನುಣುಪು ನೆಲದಲ್ಲೇ ಕಷ್ಟವಾದದ್ದು ತೋಟದ ಕೆಸರಲ್ಲಿ ಸುಲಭ ಆಗಲ್ಲ. ಕಿಕ್ ಹೊಡೆಯುವ ಮಂಡಿ ಅಲ್ಲದಿದ್ದರೆ ಸೆಲ್ಫ್ ಸ್ಟಾರ್ಟ್ ಇರುವುದನ್ನೇ ತಗೊಳ್ಳಿ.

ಇನ್ನು ಯಾವ ಗಾಡಿ? ಮನೆ, ತೋಟ, ಡೈರಿ ಎಲ್ಲಾ ನಾಲ್ಕೈದು ಕಿಲೋಮೀಟರ್ ಒಳಗಿದ್ದರೆ ಎಕ್ಸ್‌ಎಲ್ ಥರದ ಮೊಪೆಡ್ ಬಗ್ಗೆ ನಾಚಿಕೆ ಬೇಡ. ಗೇರಿಲ್ಲ, ಕ್ಲಚ್ಚಿಲ್ಲ, ಕಾಲ ಮುಂದೆ 45 ಕೆಜಿ ಯೂರಿಯಾ ಮೂಟೆ ತಗ್ಗಲ್ಲೇ ಕೂರುತ್ತೆ. ಆದರೆ ಹೈವೇಯಲ್ಲಿ ದಿನಾ ಮೂವತ್ತು ಕಿಲೋಮೀಟರ್ ಹೋಗುವವರಿಗೆ, ಮಲೆನಾಡಿನ ಏರಿನಲ್ಲಿ ಭಾರ ಎಳೆಯುವವರಿಗೆ ಅದು ಸಾಲದು. ಅಂಥವರಿಗೆ 100 ರಿಂದ 125 ಸಿಸಿ ಬೈಕೇ ಸರಿ. ಸ್ಕೂಟರ್ ಹತ್ತಿ ಇಳಿಯಲು ಹಿತ, ಮನೆಯ ಹೆಣ್ಣುಮಕ್ಕಳಿಗೂ ಆಗುತ್ತೆ. ಟಾರು ರಸ್ತೆಗೆ ಒಳ್ಳೆಯದೇ. ಚಕ್ರ ಚಿಕ್ಕದಾದ್ದರಿಂದ ಗಾಡಿ ಜಾಡಿನ ಗುಂಡಿಯಲ್ಲಿ, ಮಳೆಗಾಲದ ಬದುವಿನ ದಾರಿಯಲ್ಲಿ ಮಾತ್ರ ಒದ್ದಾಡುತ್ತೆ.

ಭಾರದ ವಿಚಾರ ಬಹಳ ಜನ ಮರೆಯುತ್ತಾರೆ. ಹಿಂದಿನ ಸೀಟಿನ ಮೇಲೆ ಎತ್ತರಕ್ಕೆ ಕಟ್ಟಿದ ಹುಲ್ಲಿನ ಹೊರೆ ಮುಂದಿನ ಚಕ್ರವನ್ನು ಹಗುರ ಮಾಡುತ್ತೆ, ಹ್ಯಾಂಡಲ್ ತೇಲುತ್ತೆ. ಹಾಲಿನ ಕ್ಯಾನು ಎರಡೂ ಪಕ್ಕ ಸಮ ಇರಲಿ. ಅರ್ಧ ತುಂಬಿದ ಕ್ಯಾನು ತಿರುವಿನಲ್ಲಿ ಕುಲುಕಿ ಆಯ ತಪ್ಪಿಸುತ್ತೆ. 16 ಲೀಟರ್ ಸ್ಪ್ರೇಯರ್ ಬೆನ್ನಿಗೆ ಹಾಕಿಕೊಂಡು ಓಡಿಸುವವರನ್ನು ನೋಡಿದ್ದೇನೆ. ಖಾಲಿ ಒಯ್ದು ಹೊಲದಲ್ಲೇ ತುಂಬಿಕೊಳ್ಳಿ.

ಗೇರು, ಬ್ರೇಕು ಎರಡೂ ಹಿಂದಿನ ಹಾಗಿಲ್ಲ. ಯೆಜ್ಡಿಯಲ್ಲಿ ಕಿಕ್ಕರೂ ಅದೇ, ಗೇರೂ ಅದೇ ಆಗಿತ್ತು, ನೆನಪಿದೆಯಾ? ಈಗ ಸ್ಪ್ಲೆಂಡರ್‌ನಲ್ಲಿ ನಾಲ್ಕೂ ಗೇರು ಮುಂದಕ್ಕೇ ಒತ್ತಬೇಕು. 150 ಸಿಸಿ ಬೈಕುಗಳಲ್ಲಿ ಸಾಮಾನ್ಯವಾಗಿ ಒಂದನೆಯದು ಕೆಳಕ್ಕೆ, ಉಳಿದವು ಮೇಲಕ್ಕೆ. ಹಳೇ ರೂಢಿಗೆ ಯಾವುದು ಹತ್ತಿರವೋ ಅದನ್ನೇ ಆರಿಸಿ, ಗಾಬರಿಯಲ್ಲಿ ಕಾಲು ಹಳೇ ರೂಢಿಗೇ ಹೋಗುತ್ತೆ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಲ್ಲಿ ಹಿಂದಿನ ಬ್ರೇಕ್ ಒತ್ತಿದರೆ ಮುಂದಿನದ್ದೂ ಸ್ವಲ್ಪ ಹಿಡಿಯುವ ವ್ಯವಸ್ಥೆ ಇದೆ, ಅದಕ್ಕೂ ಮೇಲಿನವಕ್ಕೆ ಎಬಿಎಸ್. ಬರೀ ಹಿಂದಿನ ಬ್ರೇಕ್ ತುಳಿದು ಅಭ್ಯಾಸವಾದವರಿಗೆ ಇದು ಅನುಕೂಲವೇ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಅದಕ್ಕಿಂತ ಹಳೆಯದಾದರೆ ಇದು ಇರುವುದಿಲ್ಲ ಅಂತ ತಿಳಿದಿರಲಿ. ಆರ್‌ಸಿಯ 15 ವರ್ಷ ಎಂದಿಗೆ ಮುಗಿಯುತ್ತೆ ಅಂತಲೂ ನೋಡಿ.

ದುಡ್ಡು ಕಟ್ಟುವ ಮುಂಚೆ ಪೆಟ್ಟಿಗೆಯಿಂದ ಲೈಸೆನ್ಸ್ ತೆಗೆದು ತಾರೀಖು ನೋಡಿ. ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಪರೀಕ್ಷೆ ಕೊಡಬೇಕಾಗುತ್ತೆ. ನಲವತ್ತು ದಾಟಿದವರು ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರವನ್ನೂ ಕೊಡಬೇಕು. ಆ ನೆಪದಲ್ಲಿ ಕಣ್ಣೂ ತೋರಿಸಿಕೊಳ್ಳಿ. ಪೊರೆ ಬರುತ್ತಿದ್ದರೆ ಸಂಜೆ ಎದುರಿನ ಲಾರಿಯ ಲೈಟಿಗೆ ದಾರಿಯೇ ಕಾಣಲ್ಲ.

ಗಾಡಿ ಬಂದ ಮೊದಲ ವಾರ ಭಾರ ಬೇಡ, ಹಿಂದೆ ಯಾರನ್ನೂ ಕೂರಿಸಬೇಡಿ. ಭಾನುವಾರ ಶಾಲೆ ಮೈದಾನದಲ್ಲಿ ನಿಧಾನಕ್ಕೆ ಎಂಟು ಅಂಕಿ ಸುತ್ತಿ, ಬೇಕೆಂದ ಜಾಗಕ್ಕೆ ಸರಿಯಾಗಿ ನಿಲ್ಲಿಸಿ. ಎರಡನೇ ವಾರ ಖಾಲಿ ಕ್ಯಾನು ಕಟ್ಟಿ, ಆಮೇಲೆ ಹಾಲು ತುಂಬಿ. ಹೆಲ್ಮೆಟ್ ಡೈರಿವರೆಗಾದರೂ ಬೇಕು. ನಮ್ಮ ಭಾವ ಬಿದ್ದದ್ದು ಮನೆಯಿಂದ ಇನ್ನೂರು ಮೀಟರ್ ದೂರದಲ್ಲಿ.

ಎಲೆಕ್ಟ್ರಿಕ್ ಗಾಡಿ ಬಗ್ಗೆ ತುಂಬಾ ಜನ ಕೇಳುತ್ತಿದ್ದೀರಿ. ಅದನ್ನು ಇನ್ನೊಂದು ವಾರ ನೋಡೋಣ.