ಮೈಗೆ ಒಪ್ಪುವ ಸ್ಟಾಕ್: ಬೇಟೆಯ ರೈಫಲ್‌ಗೆ ಹೊಸದನ್ನು ಆರಿಸುವ ಬಗೆ

ಮೊದಲು ಬೋಲ್ಟ್ ಹಿಂದಕ್ಕೆಳೆದು ಕೋವಿಯಲ್ಲಿ ತೋಟೆ ಇಲ್ಲವೆಂದು ಕಣ್ಣಿಂದ ನೋಡಿ, ಬೆರಳಿಟ್ಟು ಖಾತ್ರಿ ಮಾಡಿಕೊಳ್ಳಿ. ಬೇಟೆಗೆ ಹೋಗುವಾಗ ಹಾಕುವ ದಪ್ಪ ಜಾಕೆಟ್ ತೊಟ್ಟು ನಿಂತು, ಕಣ್ಣು ಮುಚ್ಚಿ ರೈಫಲ್ ಎತ್ತಿ ಭುಜಕ್ಕಿಟ್ಟು ಕೆನ್ನೆ ಊರಿ. ಈಗ ಕಣ್ಣು ತೆರೆಯಿರಿ. ಸ್ಕೋಪಿನಲ್ಲಿ ದುಂಡನೆಯ ಪೂರ್ತಿ ಚಿತ್ರ ಕಂಡರೆ ನಿಮ್ಮ ಸ್ಟಾಕ್ ನಿಮ್ಮ ಮೈಗೆ ಒಪ್ಪಿದೆ, ಹೊಸದಕ್ಕೆ ದುಡ್ಡು ಹಾಕುವ ಅಗತ್ಯವಿಲ್ಲ. ಅಂಚಿನಲ್ಲಿ ಕಪ್ಪು ಅರ್ಧಚಂದ್ರ ಕಂಡರೆ, ತಲೆ ಎತ್ತಬೇಕಾಗಿ ಬಂದರೆ, ಕತ್ತು ಮುಂದಕ್ಕೆ ಚಾಚಬೇಕಾದರೆ ಮುಂದೆ ಓದಿ.

ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಇದು ಅಮೆರಿಕದಲ್ಲಿ ನೆಲೆಸಿ, ಕೊಲರಾಡೊದಂಥ ರಾಜ್ಯಗಳಲ್ಲಿ ಪರವಾನಗಿ ಪಡೆದು ಎಲ್ಕ್, ಜಿಂಕೆ ಬೇಟೆಗೆ ಹೋಗುವ ನಮ್ಮವರಿಗಾಗಿ ಬರೆದದ್ದು. ನಾನು ಕೊಡವರ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್‌ಪೂ ಹೂ ಸಿಕ್ಕಿಸಿ ಪೂಜಿಸುವ ಮನೆಯಲ್ಲಿ ಬೆಳೆದವನು. ಆ ದಿನ ತೆಂಗಿನಕಾಯಿಗೆ ಈಡು ಹೊಡೆಯುವ ಪಂದ್ಯದಲ್ಲಿ ಒಂದೇ ಕೋವಿ ಕೈಯಿಂದ ಕೈಗೆ ಹೋಗುತ್ತಿತ್ತು. ಎತ್ತರದ ದೊಡ್ಡಪ್ಪನ ಭುಜಕ್ಕೆ ಅಳತೆ ಮಾಡಿ ಕೂರಿಸಿದಂತಿದ್ದ ಅದು ಗಿಡ್ಡಗಿದ್ದ ಚಿಕ್ಕಪ್ಪನ ತೋಳಿಗೆ ಎಟುಕುತ್ತಿರಲಿಲ್ಲ. ಕೋವಿ ಅದೇ, ತೋಟೆಯೂ ಅದೇ, ಗುರಿ ಮಾತ್ರ ಬೇರೆ. ಸ್ಟಾಕ್ ಆರಿಸುವಾಗ ಬಣ್ಣ, ಮರದ ಗೆರೆ, ಹೆಸರು ಎಲ್ಲಕ್ಕಿಂತ ಮೊದಲು ಮೈಯಳತೆ ಎಂದು ನಾನು ಪಟ್ಟುಹಿಡಿದು ಹೇಳುವುದು ಅದಕ್ಕೇ.

ಮೊದಲು ಅಳತೆ

ಒಂದು ಚೀಟಿ, ಟೇಪು, ತುಸು ರಟ್ಟು ಹತ್ತಿರ ಇಟ್ಟುಕೊಳ್ಳಿ. ಮೊದಲನೆಯದು ಉದ್ದ: ಟ್ರಿಗರ್‌ನಿಂದ ಸ್ಟಾಕಿನ ಹಿಂತುದಿಯ ನಡುವಿನವರೆಗೆ. ಕಾರ್ಖಾನೆಯಿಂದ ಬರುವ ರೈಫಲ್‌ಗಳಲ್ಲಿ ಇದು ಸಾಮಾನ್ಯವಾಗಿ ಹದಿಮೂರೂವರೆ ಇಂಚಿನ ಆಸುಪಾಸು. ಐದೂವರೆ ಅಡಿಯ ಮನುಷ್ಯ ದಪ್ಪ ಜಾಕೆಟ್ ತೊಟ್ಟಾಗ ಅದು ಉದ್ದವಾಗಿಬಿಡುತ್ತದೆ, ಭುಜಕ್ಕೆ ಏರಿಸುವಾಗ ಕಂಕುಳಿನ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಮೊಣಕೈ ಮಡಿಕೆಯಲ್ಲಿ ಸ್ಟಾಕಿನ ತುದಿಯಿಟ್ಟು ಬೆರಳು ಟ್ರಿಗರ್‌ಗೆ ಎಟುಕುತ್ತದೆಯೇ ಎಂದು ನೋಡುವ ಹಳೆಯ ಪದ್ಧತಿ ಅಂದಾಜಿಗೆ ಮಾತ್ರ. ಅದರಲ್ಲಿ ಕತ್ತಿನ ಉದ್ದವೂ ಭುಜದ ಅಗಲವೂ ಲೆಕ್ಕಕ್ಕೆ ಬರುವುದಿಲ್ಲ. ಕೋವಿ ಭುಜಕ್ಕಿಟ್ಟಾಗ ಹೆಬ್ಬೆರಳ ಗೆಣ್ಣಿಗೂ ಮೂಗಿಗೂ ನಡುವೆ ಎರಡು ಬೆರಳಷ್ಟು ಜಾಗ ಇರಬೇಕು. ಅದಕ್ಕಿಂತ ಹತ್ತಿರ ಬಂದರೆ, ಸ್ಕೋಪನ್ನೂ ಕಣ್ಣಿಗೆ ಸಮೀಪ ಕೂರಿಸಿದ್ದರೆ, ಒದೆತಕ್ಕೆ ಹುಬ್ಬು ಸೀಳುತ್ತದೆ. ಸ್ಕೋಪಿನ ಹಿಂತುದಿ ಕಣ್ಣಿನಿಂದ ಮೂರೂವರೆ ಇಂಚು ದೂರ ಇರಲಿ.

ಎರಡನೆಯದು ಕೆನ್ನೆಯ ಎತ್ತರ, ಹೆಚ್ಚಿನವರು ಎಡವುವುದು ಇಲ್ಲೇ. ಹಳೆಯ ವಿನ್ಯಾಸದ ಸ್ಟಾಕ್‌ಗಳನ್ನು ನಳಿಗೆಯ ಮೇಲಿನ ಲೋಹದ ಗುರಿಕಾಯಿಗೆ ಕಣ್ಣು ಹೊಂದಲೆಂದು ಕೊರೆದಿದ್ದರು. ಸ್ಕೋಪ್ ಅದಕ್ಕಿಂತ ಸಾಕಷ್ಟು ಮೇಲೆ ಕೂರುತ್ತದೆ, ಮುಂಗಾಜು 50 ಮಿಲಿಮೀಟರಿನದಾದರೆ ಇನ್ನೂ ಮೇಲೆ. ಕೆನ್ನೆ ಊರುವ ಜಾಗಕ್ಕೆ ರಟ್ಟಿನ ತುಂಡುಗಳನ್ನು ಒಂದರ ಮೇಲೊಂದು ಟೇಪು ಸುತ್ತಿ ಏರಿಸುತ್ತ ಹೋಗಿ, ಕಣ್ಣು ಮುಚ್ಚಿ ತೆರೆವ ಪರೀಕ್ಷೆಯನ್ನು ಪ್ರತಿಸಲವೂ ಮಾಡಿ. ಚಿತ್ರ ತಾನಾಗಿ ಪೂರ್ತಿ ಕಂಡಾಗ ನಿಲ್ಲಿಸಿ, ರಟ್ಟಿನ ದಪ್ಪ ಅಳೆದು ಚೀಟಿಯಲ್ಲಿ ಬರೆಯಿರಿ. ಅಂಗಡಿಯವರಿಗೆ ನೀವು ಕೊಡಬೇಕಾದ ಅತಿ ಮುಖ್ಯ ಅಂಕಿ ಅದೇ. ಒಂದು ಎಚ್ಚರ: ಕೆನ್ನೆಯ ಏರು ಮಿತಿಮೀರಿದರೆ ಬೋಲ್ಟ್ ಪೂರ್ತಿ ಹಿಂದಕ್ಕೆ ಬರದೆ ಅದಕ್ಕೇ ತಾಗುತ್ತದೆ.

ಹಿಡಿಕೆಯನ್ನು ಕೈ ನೋಡಿ ಆರಿಸಿ. ಬೆರಳ ತುದಿಯ ಮೆತ್ತನೆಯ ಭಾಗ ಟ್ರಿಗರ್ ಮೇಲೆ ಸಲೀಸಾಗಿ ಕೂರಬೇಕು. ನೆಟ್ಟಗೆ ಇಳಿಯುವ ಹಿಡಿಕೆ ಮಲಗಿ ಹೊಡೆಯುವಾಗ ಚೆನ್ನ, ಹೆಗಲಿನಿಂದ ತಟ್ಟನೆ ಎತ್ತುವಾಗ ನನಗದು ಅಡ್ಡಿಯೇ ಅನಿಸಿದೆ.

ನಿಮ್ಮ ರೈಫಲ್‌ಗೆ ಹೊಂದುವುದು

ಇಲ್ಲಿ ತಪ್ಪಿದರೆ ಪಾರ್ಸಲ್ ವಾಪಸ್ಸೇ ಹೋಗಬೇಕು. ನಾನು ಮೊದಲು ತರಿಸಿದ ಸ್ಟಾಕ್ .308ರ ಗಿಡ್ಡ ಆ್ಯಕ್ಷನ್‌ಗೆ ಕೊರೆದದ್ದು, ಮನೆಯಲ್ಲಿದ್ದ ರೈಫಲ್ ಉದ್ದ ಆ್ಯಕ್ಷನ್ನಿನ .30-06. ಎಲ್ಕ್ ಋತುವಿಗೆ ಮೂರು ವಾರ ಉಳಿದಿತ್ತು. ಆರ್ಡರ್ ಕೊಡುವ ಮೊದಲು ಬರೆದಿಟ್ಟುಕೊಳ್ಳಿ: ತಯಾರಕರು ಮತ್ತು ಮಾದರಿ, ಆ್ಯಕ್ಷನ್ ಗಿಡ್ಡವೋ ಉದ್ದವೋ, ಬೋಲ್ಟ್ ಎಡಕ್ಕೋ ಬಲಕ್ಕೋ, ನಳಿಗೆಯ ದಪ್ಪ, ಕೆಳಭಾಗದಲ್ಲಿ ತೆರೆಯುವ ತಗಡಿದೆಯೋ, ಪೂರ್ತಿ ಮುಚ್ಚಿದೆಯೋ, ಕಳಚುವ ಮ್ಯಾಗಜೀನೋ. 1962ರಲ್ಲಿ ಬಂದ ರೆಮಿಂಗ್ಟನ್ 700ರ ತಳದ ಆಕಾರವನ್ನೇ ಇಂದಿನ ಎಷ್ಟೋ ಕಸ್ಟಮ್ ಆ್ಯಕ್ಷನ್‌ಗಳು ಅನುಸರಿಸುವುದರಿಂದ ಅದಕ್ಕೆ ಆಯ್ಕೆ ಹೇರಳ. ವಿಂಚೆಸ್ಟರ್ 70, ಮೌಸರ್ 98, ಟಿಕ್ಕಾ ಟಿ3 ಒಂದೊಂದಕ್ಕೂ ಬೇರೆಯೇ ಕೊರೆತ ಬೇಕು.

ಮರವೋ, ನಾರೋ?

ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ಕಂಡವರಿಗೆ ಮರದ ಸ್ವಭಾವ ಗೊತ್ತು. ಆಕ್ರೋಟ್ ಮರದ ಸ್ಟಾಕ್ ಬಿಸಿಲಿಗೆ ಒಣಗಿ, ತೇವಕ್ಕೆ ಉಬ್ಬಿ, ನಳಿಗೆಯನ್ನು ಪಕ್ಕಕ್ಕೆ ಒತ್ತಿದರೆ ಗುಂಡು ಬೀಳುವ ಜಾಗವೇ ಸರಿಯುತ್ತದೆ. ವಿಯೆಟ್ನಾಂ ಕಾಡಿನಲ್ಲಿ ಅಮೆರಿಕದ ಮೆರೀನ್ ಪಡೆಯ ಎಂ40 ರೈಫಲ್‌ಗಳಿಗೆ ಆದದ್ದು ಇದೇ. 1970ರ ದಶಕದಲ್ಲಿ ಬಂದ ಎಂ40ಎ1ರಲ್ಲಿ ಮರ ತೆಗೆದು ಮೆಕ್‌ಮಿಲನ್ ಕಂಪನಿಯ ಫೈಬರ್‌ಗ್ಲಾಸ್ ಹಾಕಿದರು. ಹಾಗೆಂದು ಮರವನ್ನು ತಳ್ಳಿಹಾಕಬೇಡಿ. ಕೈಗೆ ಬೆಚ್ಚಗೆ ಒಗ್ಗುವ ಆಕ್ರೋಟ್ ಒಣ ಹವೆಯ ಊರುಗಳಲ್ಲಿ, ಒಳಗೂ ಹೊರಗೂ ಚೆನ್ನಾಗಿ ಎಣ್ಣೆ ಕುಡಿಸಿದ್ದರೆ, ತಲೆಮಾರು ಬಾಳುತ್ತದೆ. ತೆಳು ಪದರಗಳನ್ನು ಅಂಟಿಸಿ ಮಾಡಿದ ಲ್ಯಾಮಿನೇಟ್ ಮರಕ್ಕಿಂತ ಸ್ಥಿರ, ಬೆಲೆಯೂ ಹಗುರ, ತೂಕ ಮಾತ್ರ ಹೆಚ್ಚು. ಕಾರ್ಬನ್ ಫೈಬರ್ ಹಗುರ, ಬೆಲೆ ಭಾರ. ಅಗ್ಗದ ಅಚ್ಚಿನ ಪ್ಲಾಸ್ಟಿಕ್ಕನ್ನು ಕೊಳ್ಳುವ ಮೊದಲು ಮುಂಭಾಗವನ್ನು ನಳಿಗೆಯ ಜೊತೆ ಸೇರಿಸಿ ಹಿಂಡಿ ನೋಡಿ. ಬಾಗಿ ನಳಿಗೆಗೆ ತಾಗಿದರೆ ಬೇಡ.

ತೂಕದ ಆಸೆಗೆ ಬೀಳುವ ಮುನ್ನ ಕ್ಯಾಲಿಬರ್ ನೆನಪಿರಲಿ. ಹತ್ತು ಸಾವಿರ ಅಡಿ ಎತ್ತರದಲ್ಲಿ ದಿನವಿಡೀ ಹೊತ್ತು ನಡೆಯುವವರಿಗೆ ಅರ್ಧ ಕಿಲೋ ಕಡಿಮೆಯಾದರೂ ದೊಡ್ಡ ಸುಖ. ಆದರೆ ಕೋವಿ ಹಗುರಾದಷ್ಟೂ ಒದೆತ ಜೋರು. .308ಕ್ಕೆ ಹಗುರ ಸ್ಟಾಕ್ ನಡೆಯುತ್ತದೆ. .300 ವಿಂಚೆಸ್ಟರ್ ಮ್ಯಾಗ್ನಂ ಇದ್ದರೆ ತುಸು ಭಾರವನ್ನೂ ಒಳ್ಳೆಯ ರಬ್ಬರ್ ಪ್ಯಾಡನ್ನೂ ಒಪ್ಪಿಕೊಳ್ಳಿ. ಒದೆತಕ್ಕೆ ಹೆದರಿ ಕಣ್ಣು ಮುಚ್ಚಿದವನ ಗುಂಡು ಪ್ರಾಣಿಯನ್ನು ಗಾಯಗೊಳಿಸಿ ಬಿಡುತ್ತದೆ. ಅದಕ್ಕಿಂತ ದೊಡ್ಡ ಪಾಪ ಬೇಟೆಯಲ್ಲಿಲ್ಲ.

ಕೂರಿಸುವುದು

ಲೋಹದ ಆ್ಯಕ್ಷನ್ ಸ್ಟಾಕಿನೊಳಗೆ ಅಲುಗದೆ ಕೂರಬೇಕು. ಅಲ್ಯೂಮಿನಿಯಂ ಚೌಕಟ್ಟು ಅಡಕವಾಗಿರುವ ಸ್ಟಾಕ್‌ಗಳು ಎಷ್ಟೋ ಸಲ ನೇರವಾಗಿಯೇ ಕೂರುತ್ತವೆ. ಇಲ್ಲದಿದ್ದರೆ ತಿರುಪಿನ ಜಾಗಕ್ಕೆ ಲೋಹದ ಕೊಳವೆಯಿಟ್ಟು, ಸುತ್ತ ಎಪಾಕ್ಸಿ ತುಂಬಿ ಬೆಡ್ಡಿಂಗ್ ಮಾಡಿಸಬೇಕು. ಇದನ್ನು ಕೋವಿ ರಿಪೇರಿಯವರಿಗೇ ಬಿಡಿ. ಅಂಟದಂತೆ ಹಚ್ಚುವ ಲೇಪನ ಒಂದು ಕಡೆ ತಪ್ಪಿದರೂ ಲೋಹ, ಸ್ಟಾಕ್ ಎರಡೂ ಒಂದಾಗಿಬಿಡುತ್ತವೆ.

ಕೆಲಸ ಸರಿಯಾಗಿದೆಯೇ ಎಂದು ನೀವೇ ನೋಡಬಹುದು. ನಳಿಗೆಯೂ ಸ್ಟಾಕಿನ ಮುಂತುದಿಯೂ ಸೇರುವಲ್ಲಿ ಬೆರಳಿಟ್ಟು ಮುಂದಿನ ತಿರುಪನ್ನು ಮೆಲ್ಲಗೆ ಸಡಿಲಿಸಿ. ಬೆರಳಿಗೆ ಚಲನೆ ತಿಳಿದರೆ ಬಿಗಿಯುವಾಗ ಆ್ಯಕ್ಷನ್ ಬಾಗುತ್ತಿದೆ ಎಂದರ್ಥ. ಮತ್ತೆ ಬಿಗಿದು, ನಳಿಗೆಗೂ ಸ್ಟಾಕಿಗೂ ನಡುವೆ ಡಾಲರ್ ನೋಟು ತೂರಿಸಿ ಹಿಂದಕ್ಕೆ ಎಳೆಯಿರಿ. ಆ್ಯಕ್ಷನ್ ಹತ್ತಿರದವರೆಗೂ ತಡೆಯಿಲ್ಲದೆ ಬರಬೇಕು. ತಿರುಪನ್ನು ಕೈಯಂದಾಜಿಗೆ ಬಿಗಿಯಬೇಡಿ, ಟಾರ್ಕ್ ಅಳೆಯುವ ಡ್ರೈವರ್ ಬಳಸಿ. ಲೋಹದ ಆಧಾರ ಇದ್ದರೆ ಸಾಮಾನ್ಯವಾಗಿ 65 ಇಂಚು-ಪೌಂಡ್, ಬರೀ ಮರಕ್ಕೆ ಅದಕ್ಕಿಂತ ಸಾಕಷ್ಟು ಕಡಿಮೆ. ತಯಾರಕರು ಕೊಟ್ಟ ಅಂಕಿಯೇ ಕೊನೆಯ ಮಾತು.

ಕಾನೂನಿನ ಎರಡು ಮಾತು

ಅಮೆರಿಕದ ಕೇಂದ್ರ ಕಾನೂನಿನಲ್ಲಿ ಕೋವಿ ಎಂದರೆ ನಂಬರ್ ಕೆತ್ತಿದ ರಿಸೀವರ್. ಹಾಗಾಗಿ ಸ್ಟಾಕ್ ನೇರ ಮನೆಗೆ ಪಾರ್ಸಲ್ ಬರುತ್ತದೆ. ಆದರೆ ಎಚ್-1ಬಿಯಂಥ ತಾತ್ಕಾಲಿಕ ವೀಸಾದವರು ಕೋವಿ ಹೊಂದುವುದೇ ಸಾಮಾನ್ಯವಾಗಿ ನಿಷಿದ್ಧ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಅದಕ್ಕೆ ಮುಖ್ಯ ವಿನಾಯಿತಿ, ಅದರ ಅವಧಿ ಮುಗಿಯಲು ಬಿಡಬೇಡಿ. ಊರಿನ ಕೋವಿಗೆಂದು ಸ್ಟಾಕನ್ನು ಸೂಟ್‌ಕೇಸಿನಲ್ಲಿಟ್ಟು ತರಬೇಡಿ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಿಡಿಭಾಗಗಳೂ ಶಸ್ತ್ರವೇ. ಕೊಡವರಿಗೆ ಇರುವ ಲೈಸೆನ್ಸ್ ವಿನಾಯಿತಿಯನ್ನು ನಂಬಿ ವಿದೇಶದಿಂದ ತರಲಾಗದು.

ಸ್ಟಾಕ್ ಬದಲಿಸಿದ ಮೇಲೆ 100 ಗಜದಲ್ಲಿ ಹೊಸದಾಗಿ ಝೀರೋ ಮಾಡಲೇಬೇಕು. ಮೇಜಿನ ಮೇಲೆ ಸರಿಬಂದ ಮೇಲೆ ಅದೇ ದಪ್ಪ ಜಾಕೆಟ್ ತೊಟ್ಟು, ಕೂತು, ಮಂಡಿಯೂರಿ ಹೊಡೆಯಿರಿ. ತಣ್ಣಗಿರುವ ನಳಿಗೆಯ ಮೊದಲ ಗುಂಡು ಎಲ್ಲಿ ಬಿತ್ತೆಂದು ಬೇರೆ ಬೇರೆ ದಿನ ಗುರುತು ಮಾಡಿ, ಬೇಟೆಯಲ್ಲಿ ನಿಮಗೆ ಸಿಗುವುದು ಆ ಒಂದೇ. ಅಳತೆಯ ಚೀಟಿಯನ್ನು ಕೋವಿಯ ಪೆಟ್ಟಿಗೆಯಲ್ಲೇ ಇಡಿ. ಸ್ಕೋಪ್ ಬದಲಿಸಿದ ದಿನ ಕೆನ್ನೆಯ ಎತ್ತರವನ್ನು ಮತ್ತೊಮ್ಮೆ ರಟ್ಟಿಟ್ಟು ನೋಡಬೇಕಾಗುತ್ತದೆ.