ಭೂಶಾಖದ ಕೊಳವೆ ಸುತ್ತು: ಹೆಪ್ಪುತಡೆ ದ್ರವ ಮತ್ತು ಪಂಪಿನ ಆಯ್ಕೆ

ಸ್ವೀಡನ್ ದೇಶದಲ್ಲಿ ಚಳಿಗಾಲ ಬಂತೆಂದರೆ ಮೇಲ್ಮಣ್ಣು ಹೆಪ್ಪುಗಟ್ಟುತ್ತದೆ. ಆದರೆ ಆಳದ ಬಂಡೆಯ ಉಷ್ಣತೆ ವರ್ಷವಿಡೀ ಹೆಚ್ಚು ಬದಲಾಗದು. ದೇಶದ ದಕ್ಷಿಣ ಭಾಗದಲ್ಲಿ ಅದು ಸುಮಾರು 8 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ಅಲ್ಲಿನ ಅನೇಕರು ಈ ಶಾಖದಿಂದಲೇ ಮನೆಯನ್ನು ಬೆಚ್ಚಗಿಡತೊಡಗಿದರು. ಕೊಳವೆ ಬಾವಿಯ ತಳದವರೆಗೆ ಪ್ಲಾಸ್ಟಿಕ್ ಪೈಪನ್ನು ಇಳಿಸಿ, ತಿರುಗಿಸಿ ಮೇಲಕ್ಕೆ ತರುತ್ತಾರೆ. ಪೈಪಿನಲ್ಲಿ ಸುತ್ತುವ ದ್ರವ ಬಂಡೆಯ ಶಾಖವನ್ನು ಹೀರಿ, ಮನೆಯಲ್ಲಿರುವ ಶಾಖ ಪಂಪಿಗೆ ಕೊಟ್ಟು, ಮತ್ತೆ ಕೆಳಗಿಳಿಯುತ್ತದೆ. ಬಾವಿಯ ನೀರನ್ನು ಎತ್ತುವುದಿಲ್ಲ.

ಬರಿಯ ನೀರು ಏಕೆ ಸಾಲದು?

ಬಂಡೆ ಹೆಪ್ಪುಗಟ್ಟದಿದ್ದರೂ ಶಾಖ ಪಂಪಿನೊಳಗೆ ದ್ರವವು ಶೂನ್ಯಕ್ಕಿಂತ ಕೆಳಗೆ ತಣಿಯಬಹುದು. ಬರಿಯ ನೀರಾದರೆ ಅಲ್ಲಿಯೇ ಮಂಜುಗಡ್ಡೆಯಾಗಿ, ಹಿಗ್ಗಿ, ಯಂತ್ರವನ್ನು ಒಡೆಯುತ್ತದೆ. ಆದುದರಿಂದ ಹೆಪ್ಪುತಡೆ ದ್ರವವನ್ನು ಬೆರೆಸಬೇಕು.

ಯಾವ ದ್ರವ ಉತ್ತಮ?

ಎಥನಾಲ್: ಸ್ವೀಡನ್ನಿನಲ್ಲಿ ಸಾಮಾನ್ಯ ಬಳಕೆಯಲ್ಲಿದೆ. ತೂಕದಲ್ಲಿ ಶೇಕಡಾ 25ರಷ್ಟು ಬೆರೆಸಿದರೆ ಸುಮಾರು -15 ಡಿಗ್ರಿಯವರೆಗೆ ರಕ್ಷಣೆ ದೊರೆಯುತ್ತದೆ. ಸೋರಿದರೆ ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ. ಬೆರೆಸುವ ಮುನ್ನ ಬೆಂಕಿಯಿಂದ ದೂರವಿಡಬೇಕು.

ಪ್ರೊಪಿಲೀನ್ ಗ್ಲೈಕಾಲ್: ವಿಷವಲ್ಲ, ಸುಲಭವಾಗಿ ಹೊತ್ತಿಕೊಳ್ಳುವುದೂ ಇಲ್ಲ. ಆದರೆ ಚಳಿಯಲ್ಲಿ ಮಂದವಾಗಿ ಪಂಪಿಗೆ ಹೊರೆಯಾಗುತ್ತದೆ.

ಮೆಥನಾಲ್: ತೆಳುವಾಗಿ ಹರಿಯುತ್ತದೆ. ಆದರೆ ವಿಷ; ಬೇಗ ಹೊತ್ತಿಕೊಳ್ಳುತ್ತದೆ.

ಎಥಿಲೀನ್ ಗ್ಲೈಕಾಲ್: ವಾಹನಗಳ ರೇಡಿಯೇಟರಿಗೆ ಹಾಕುವ ಈ ದ್ರವ ಸಿಹಿಯಾಗಿದ್ದು ಪ್ರಾಣಿಗಳು ನೆಕ್ಕಿ ಸಾಯುವುದುಂಟು. ಕುಡಿಯುವ ನೀರಿನ ಬಾವಿಯ ಹತ್ತಿರ ಇದನ್ನು ಬಳಸಬಾರದು.

ಭದ್ರತೆ ಇರಲಿ ಎಂದು ಬೇಕಾದ್ದಕ್ಕಿಂತ ಹೆಚ್ಚು ಬೆರೆಸುವುದು ತಪ್ಪು. ದ್ರವ ಮಂದವಾದಷ್ಟೂ ಪೈಪಿನಲ್ಲಿ ಸುಳಿಗಳು ಕಡಿಮೆಯಾಗಿ, ಶಾಖದ ವರ್ಗಾವಣೆ ಕುಗ್ಗುತ್ತದೆ.

ಪಂಪಿನ ಲೆಕ್ಕ

ಮನೆಗೆ 10 ಕಿಲೋವ್ಯಾಟ್ ಶಾಖ ಬೇಕೆಂದು ಭಾವಿಸೋಣ. ಶಾಖ ಪಂಪು 2.5 ಕಿಲೋವ್ಯಾಟ್ ವಿದ್ಯುತ್ತನ್ನು ಬಳಸಿದರೆ ಉಳಿದ 7.5 ಕಿಲೋವ್ಯಾಟ್ ನೆಲದಿಂದ ಬರಬೇಕು.

1. ಹರಿವು: ಒಂದು ಲೀಟರು ದ್ರವ 3 ಡಿಗ್ರಿ ತಣಿದರೆ ಸುಮಾರು 12 ಕಿಲೋಜೂಲ್ ಶಾಖ ಬಿಡುತ್ತದೆ. 7.5ನ್ನು 12ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 0.6 ಲೀಟರು.

2. ಘರ್ಷಣೆ ನಷ್ಟ: ಬಾವಿಯ ಆಳ 180 ಮೀಟರಾದರೆ ಹೋಗಿ ಬರುವ ಪೈಪು 360 ಮೀಟರು. 100 ಮೀಟರಿಗೆ 2 ಮೀಟರಿನಂತೆ 7.2 ಮೀಟರು. ಯಂತ್ರ ಮತ್ತು ಬೆಂಡುಗಳಿಗೆ 2.8 ಸೇರಿಸಿದರೆ ಒಟ್ಟು 10 ಮೀಟರು.

3. ಶಕ್ತಿ: 0.6 × 10 × 9.81 = ಸುಮಾರು 60 ವ್ಯಾಟ್. ಪಂಪಿನ ದಕ್ಷತೆ ಶೇಕಡಾ 40 ಆದರೆ 150 ವ್ಯಾಟ್ ಸಾಕು.

ಇಲ್ಲಿ 180 ಮೀಟರು ಆಳವನ್ನು ಏಕೆ ಸೇರಿಸಲಿಲ್ಲ? ಇದು ಮುಚ್ಚಿದ ಸುತ್ತು. ಇಳಿಯುವ ದ್ರವದ ಭಾರವೇ ಏರುವ ದ್ರವವನ್ನು ತೂಗಿಸುತ್ತದೆ. ಪಂಪು ಗೆಲ್ಲಬೇಕಾದದ್ದು ಘರ್ಷಣೆಯನ್ನು ಮಾತ್ರ. ಅಷ್ಟೇ ನೀರನ್ನು ಅದೇ ಆಳದಿಂದ ಹೊರಕ್ಕೆ ಎತ್ತುವುದಾದರೆ ದಕ್ಷತೆಯ ನಷ್ಟ ಬಿಟ್ಟೇ 1,000 ವ್ಯಾಟಿಗೂ ಹೆಚ್ಚು ಶಕ್ತಿ ಬೇಕು.

ಗಮನಿಸಬೇಕಾದ ಅಂಶಗಳು

- ದೊಡ್ಡ ಪಂಪು ಹಾಕಿ ಅದೇ ಪೈಪಿನಲ್ಲಿ ಹರಿವನ್ನು ಇಮ್ಮಡಿಗೊಳಿಸಿದರೆ ಘರ್ಷಣೆ ಸುಮಾರು 4 ಪಟ್ಟು, ಶಕ್ತಿ 8 ಪಟ್ಟು ಏರುತ್ತದೆ. ಉಳಿಸಿದ ವಿದ್ಯುತ್ತು ಪಂಪಿನ ಪಾಲಾಗುತ್ತದೆ.
- ಆರಂಭದಲ್ಲಿ ಪೈಪಿನ ಗಾಳಿಯನ್ನು ಹೊರದೂಡಲು ಸೆಕೆಂಡಿಗೆ 0.6 ಮೀಟರು ವೇಗ ಬೇಕು. ಅದಕ್ಕೆ ಬೇರೆ ಪಂಪನ್ನು ತಾತ್ಕಾಲಿಕವಾಗಿ ಜೋಡಿಸಬೇಕು.
- ದ್ರವದ ಸಾಂದ್ರತೆಯನ್ನು ಆಗಾಗ ಪರೀಕ್ಷಿಸಬೇಕು. ಬರಿಯ ನೀರು ಸೇರಿಸುತ್ತ ಹೋದರೆ ರಕ್ಷಣೆ ಕಡಿಮೆಯಾಗುತ್ತದೆ.

ಕರ್ನಾಟಕದ ನೆಲ ಹೆಪ್ಪುಗಟ್ಟದು. ಹೆಪ್ಪುತಡೆ ದ್ರವದ ಅಗತ್ಯವೂ ಇಲ್ಲಿಲ್ಲ. ಆದರೆ ಘರ್ಷಣೆಯ ನಿಯಮ ತೋಟದ ಪೈಪಿಗೂ ಒಂದೇ. ನೀರು ಸಾಲದೆಂದು ಹೆಚ್ಚು ಅಶ್ವಶಕ್ತಿಯ ಪಂಪು ಕೊಳ್ಳುವ ಮೊದಲು ಪೈಪಿನ ವ್ಯಾಸ ಸಾಕಷ್ಟಿದೆಯೇ ಎಂದು ನೋಡುವುದು ಲೇಸು.