ಮೂತ್ರದ ಸೋಂಕು: ನೋವು ಎಲ್ಲಿ, ಏಕೆ?

ಮೂತ್ರದ ಸೋಂಕಿಗೆ (ಯುಟಿಐ) ಬಹುಪಾಲು ಕಾರಣ ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯಾ. 1885ರಲ್ಲಿ ಇದನ್ನು ಮೊದಲು ವಿವರಿಸಿದವರು ಥಿಯೋಡರ್ ಎಶರಿಕ್. ಮಹಿಳೆಯರಲ್ಲಿ ಯುರೆಥ್ರಾದ (ಮೂತ್ರ ಹೊರಹೋಗುವ ನಾಳ) ಉದ್ದ ಸುಮಾರು 4 ಸೆಂ.ಮೀ., ಪುರುಷರಲ್ಲಿ ಸುಮಾರು 20 ಸೆಂ.ಮೀ.; ಮಹಿಳೆಯರಲ್ಲಿ ಸೋಂಕು ಹೆಚ್ಚಲು ಇದು ಮುಖ್ಯ ಕಾರಣ.

ಪರೀಕ್ಷೆಯಲ್ಲಿ ಗೊಂದಲವಾಗುವುದು ನೋವಿನ ಜಾಗದಲ್ಲಿ. ಸೋಂಕು ಮೂತ್ರಕೋಶದಲ್ಲಿದ್ದರೆ (ಸಿಸ್ಟೈಟಿಸ್) ಕಿಬ್ಬೊಟ್ಟೆ ನೋವು, ಉರಿಮೂತ್ರ, ಪದೇ ಪದೇ ಮೂತ್ರಕ್ಕೆ ಅವಸರ. ಜ್ವರ ಸಾಮಾನ್ಯವಾಗಿ ಇರುವುದಿಲ್ಲ. ಅದೇ ಸೋಂಕು ಯುರೇಟರ್ (ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಬರುವ ನಾಳ) ಮೂಲಕ ಮೇಲೇರಿ ಮೂತ್ರಪಿಂಡ ಮುಟ್ಟಿದರೆ ಪೈಲೋನೆಫ್ರೈಟಿಸ್. ಆಗ ಚಳಿಜ್ವರ, ವಾಂತಿ, ಪಕ್ಕೆಲುಬಿನ ಕೆಳಗೆ ಬೆನ್ನಿನ ಒಂದು ಮಗ್ಗುಲಲ್ಲಿ ನೋವು. ಮೂತ್ರಪಿಂಡಗಳು ಉದರಪೊರೆಯ ಹಿಂದೆ, ಬೆನ್ನೆಲುಬಿನ ಇಕ್ಕೆಲಗಳಲ್ಲಿವೆ. ಊದಿಕೊಂಡಾಗ ಅವುಗಳ ಹೊರಕವಚ ಬಿಗಿಯಾಗಿ ನೋವು ಬೆನ್ನಿಗೆ ಬರುತ್ತದೆ. ಹನ್ನೆರಡನೇ ಪಕ್ಕೆಲುಬು ಬೆನ್ನೆಲುಬಿಗೆ ಸೇರುವ ಕೋನವನ್ನು ವೈದ್ಯರು ಮೆಲ್ಲಗೆ ತಟ್ಟಿ ನೋಡುವುದು ಇದಕ್ಕೇ.

ಇದು ನೆನಪಿರಲಿ: ನೈಟ್ರೋಫ್ಯುರಾಂಟೊಯಿನ್ ಎಂಬ ಪ್ರತಿಜೀವಕ ಮೂತ್ರಕೋಶದ ಸೋಂಕಿಗೆ ಸರಿ, ಮೂತ್ರಪಿಂಡದ ಸೋಂಕಿಗೆ ಅಲ್ಲ; ಅಂಗಾಂಶದಲ್ಲಿ ಅದರ ಪ್ರಮಾಣ ಸಾಲದು. ರೋಗಾಣುವನ್ನೂ ಅದಕ್ಕೆ ನಾಟುವ ಔಷಧವನ್ನೂ ಗುರುತಿಸುವ ಪರೀಕ್ಷೆ ಯೂರಿನ್ ಕಲ್ಚರ್. ಗರ್ಭಿಣಿಯರಿಗೆ ಲಕ್ಷಣವಿಲ್ಲದಿದ್ದರೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೆ ಚಿಕಿತ್ಸೆ ಕೊಡುತ್ತಾರೆ.